ಎಲ್ಫ್ ರಾಣಿಯ ತೊಟ್ಟಿಲು

ನನ್ನ ಕಾದಂಬರಿ ಅಚ್ಚಾಗುವ ಮೊದಲೇ ಮೂರು ತಾಲ್ಲೂಕಿನಲ್ಲಿ ಓದಿಸಿಕೊಂಡಿತ್ತು. ಹೀಗೆ ಹೇಳಿದರೆ ಕೆಲವರು ಜಂಬ ಅನ್ನುತ್ತಾರೆ. ಜಂಬವೇ, ಏನೀಗ? ಇನ್ನೂರು ಪುಟದ ಆರು ನೋಟುಬುಕ್ಕು, ಎಲ್ಲ ನನ್ನ ಕೈಬರಹ. ಎಂಬತ್ತರ ದಶಕದ ಅಫಜಲಪುರದಲ್ಲಿ, ಮದುವೆಯ ಮಾತೆತ್ತಿದವರಿಗೆಲ್ಲ ಎದುರುತ್ತರ ಕೊಟ್ಟು ಹೆಸರು ಕೆಡಿಸಿಕೊಂಡಿದ್ದ ಒಬ್ಬ ಕನ್ನಡ ಟೀಚರು ಎಲ್ಫ್‌ಗಳ ಮೇಲೆ ಕಾದಂಬರಿ ಬರೆಯಲು ಧೈರ್ಯ ಬೇಕಿತ್ತು. ಅದು ನನ್ನಲ್ಲಿ ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು.

ಎಲ್ಫ್ ಅಂದರೆ ಕಾಡಿನ ಜನ. ಕಿವಿ ಚೂಪು, ಮೈಬಣ್ಣ ತಿಳಿ, ಸಾವಿರಾರು ವರ್ಷ ಬದುಕುತ್ತಾರೆ. ಕಲಬುರ್ಗಿಯಲ್ಲಿ ಓದುವಾಗ ಕಾಲೇಜಿನ ಲೈಬ್ರರಿಯ ಒಂದು ದಪ್ಪ ಇಂಗ್ಲಿಷ್ ಪುಸ್ತಕದಲ್ಲಿ ಅವರು ನನಗೆ ಸಿಕ್ಕಿದ್ದರು. ಅಲ್ಲಿ ಹಿಮ ಬೀಳುವ ಬೆಟ್ಟಗಳಲ್ಲಿ ಹಾಯಾಗಿ ತಿರುಗುತ್ತಿದ್ದರು. ಇವರನ್ನು ಒಮ್ಮೆ ನಮ್ಮ ಬಿಸಿಲಿಗೆ ತಂದು ನಿಲ್ಲಿಸಬೇಕು, ಆಗ ಇವರ ಬಣ್ಣ ಗೊತ್ತಾಗುತ್ತದೆ ಅನ್ನಿಸಿತು. ನನ್ನ ಕಥೆಯಲ್ಲಿ ಒಬ್ಬ ದೊರೆ ಲೋಕದ ಮರಗಳ ನೆರಳನ್ನೆಲ್ಲ ಸುಲಿದು ಗಂಟು ಕಟ್ಟಿಕೊಂಡು ಹೋಗಿರುತ್ತಾನೆ. ಅದನ್ನು ಬಿಡಿಸಿ ತರಲು ಬಸುರಿ ಎಲ್ಫ್ ರಾಣಿಯೊಬ್ಬಳು ತನ್ನ ಜನರನ್ನು ಕಟ್ಟಿಕೊಂಡು ಭೀಮೆ ದಾಟಿ ಹೊರಡುತ್ತಾಳೆ.

ಪ್ರಕಾಶಕರೊಬ್ಬರಿಗೆ ಕಳಿಸಿದ್ದೆ. ಇಂಥದನ್ನು ನಮ್ಮಲ್ಲಿ ಯಾರು ಓದುತ್ತಾರೆ ಎಂದು ಒಂದು ಕಾರ್ಡು ಇಟ್ಟು ವಾಪಸು ಕಳಿಸಿದರು. ಯಾರು ಓದುತ್ತಾರೆಂದು ನೋಡಿಯೇ ಬಿಡೋಣ ಅಂತ ಆ ಬೇಸಿಗೆ ರಜೆಯಲ್ಲಿ ನಮ್ಮ ಪಡಸಾಲೆಯಲ್ಲಿ ನಾನೇ ಓದಲು ಕೂತೆ. ಮಧ್ಯಾಹ್ನ ಓಣಿಯ ಹೆಣ್ಣುಮಕ್ಕಳು ಶಾವಿಗೆ ಹೊಸೆಯಲು ನಮ್ಮ ಮನೆಗೇ ಬರುತ್ತಿದ್ದರು. ಕೈಗೆ ಕೆಲಸವಿತ್ತು, ಕಿವಿ ಖಾಲಿ ಇದ್ದವು. ಎರಡು ದಿನದಲ್ಲಿ ಶಾವಿಗೆ ಇಲ್ಲದವರೂ ಬರತೊಡಗಿದರು.

ಅಭಿಪ್ರಾಯಗಳಿಗೆ ಬರ ಇರಲಿಲ್ಲ. ಮೊದಲ ದಿನವೇ ಪಕ್ಕದ ಮನೆಯಾಕೆ ಕೈ ಅಡ್ಡ ಹಿಡಿದು ಓದು ನಿಲ್ಲಿಸಿದಳು.

"ಅಕ್ಕೋರ, ಇವರು ಏನ್ ತಿಂತಾರ್ರಿ?"

"ಹಣ್ಣು, ಜೇನುತುಪ್ಪ," ಅಂದೆ.

"ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು ಅಂದಂಗಾತು. ಬಸುರಿ ಹೆಣ್ಣಮಗಳನ್ನ ಬರೇ ಹಣ್ಣಿನ ಮ್ಯಾಲ ಅಷ್ಟು ದೂರ ನಡಸಾಕತ್ತೀರಲ್ರಿ. ನಾಕು ಕಟಿರೊಟ್ಟಿಯರೆ ಕಟ್ಟಿ ಕೊಡ್ರಿ."

ವಾದಿಸಿದೆ, ಸೋತೆ. ಮರುದಿನದಿಂದ ಎಲ್ಫ್‌ಗಳ ಬುತ್ತಿಯಲ್ಲಿ ಒಣಗಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಬಂದವು. ಈಗಲೂ ಹೇಳುತ್ತೇನೆ, ಕಾದಂಬರಿ ಅಲ್ಲಿಂದ ಮುಂದೆ ಸುಧಾರಿಸಿತು. ಹಿಂದಿನ ಓಣಿಯಲ್ಲಿ ಬ್ಲೌಸು ಹೊಲಿಯುತ್ತಿದ್ದ ಮುಸಲ್ಮಾನರ ಹೆಣ್ಣುಮಗಳದು ಬೇರೆ ತಕರಾರು. "ನಮ್ಮ ನಾನಿ ಹೇಳೋ ಕಿಸ್ಸಾದಾಗ ಪರಿಗಳಿಗೆ ರೆಕ್ಕಿ ಇರ್ತಾವ್ರಿ. ನಿಮ್ಮವರು ಬಸ್ ತಪ್ಪಿಸ್ಕೊಂಡವರಂಗ ನಡಕೋಂತನ ಹೊಂಟಾರ!" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ರೆಕ್ಕೆ ಹಚ್ಚಲಿಲ್ಲ. ಒಬ್ಬ ನಿವೃತ್ತ ಹೆಡ್‌ಮಾಸ್ತರರು ಮೊದಲ ನೋಟುಬುಕ್ಕು ಒಯ್ದು, ಕೆಂಪು ಮಸಿಯಲ್ಲಿ "ಚೂಪು ಕಿವಿ ಅನಗತ್ಯ" ಎಂದು ಬರೆದು ಕಳಿಸಿದರು. ಕಿವಿ ಯಾರದಾದರೂ ಇರಲಿ, ಕೇಳಿಸಿಕೊಂಡರೆ ಸಾಕು ಅಂತ ಕೆಳಗೇ ಉತ್ತರ ಬರೆದು ತಿರುಗಿ ಕಳಿಸಿದೆ.

ಓದಿ ಮುಗಿದ ನೋಟುಬುಕ್ಕುಗಳು ಬಂಧುಬಳಗದ ಚೀಲ ಸೇರಿ ಬಸ್ಸು ಹತ್ತಿದವು. ಒಂದು ಆಳಂದಕ್ಕೆ, ಒಂದು ಜೇವರ್ಗಿಗೆ. ಜೇವರ್ಗಿಯಿಂದ ತಿರುಗಿ ಬಂದದ್ದರ ರಟ್ಟಿಗೆ ಅರಿಷಿಣ ಕುಂಕುಮ ಹತ್ತಿತ್ತು. ಯಾರೋ ಪೂಜೆ ಮಾಡಿಯೇ ಓದಿದ್ದರು. ನಮ್ಮಲ್ಲಿ ಶ್ರಾವಣ ಬಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಹಾಡಿ ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು. ದಪ್ಪ ಪುಸ್ತಕವನ್ನು ಹತ್ತು ಜನ ಕೂತು ಕೇಳುವುದೆಂದರೆ ನಮ್ಮ ಜನಕ್ಕೆ ಅದೊಂದೇ ಗೊತ್ತು. ಹಾಗಾಗಿ ನನ್ನ ಎಲ್ಫ್‌ಗಳೂ ನನ್ನನ್ನು ಕೇಳದೆಯೇ ಪುರಾಣವಾಗಿಬಿಟ್ಟಿದ್ದರು. ಮೊದಮೊದಲು ಸಿಟ್ಟು ಬಂತು. ಆಮೇಲೆ ಒಳಗೊಳಗೇ ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ.

ಇಷ್ಟು ಜನ ಮಾತಾಡಿದರೂ ಏನೂ ಹೇಳದವಳು ನಮ್ಮ ಚಿಗವ್ವ ಒಬ್ಬಳೇ. ನನ್ನ ಅವ್ವನ ತಂಗಿ. ಮದುವೆಯಾಗಿ ಎರಡನೆಯ ವರ್ಷವೇ ಗಂಡ ತೀರಿಕೊಂಡು, ಮಕ್ಕಳಿಲ್ಲದೆ ನಮ್ಮ ಮನೆಗೆ ಬಂದವಳು. ನನ್ನ ಅಣ್ಣನ ಎರಡೂ ಮಕ್ಕಳಿಗೆ ಎರೆದು, ಉಣಿಸಿ, ಬೆಳೆಸಿದವಳು ಆಕೆಯೇ. ಇಡೀ ಓಣಿಯಲ್ಲಿ ಆಕೆಯಷ್ಟು ಸಣ್ಣ ಶಾವಿಗೆ ಎಳೆ ಯಾರೂ ತೆಗೆಯುತ್ತಿರಲಿಲ್ಲ. ದಿನಾ ಬಾಗಿಲ ಪಕ್ಕ ಕೂತು ಒಂದಕ್ಷರ ಬಿಡದಂತೆ ಕೇಳುತ್ತಿದ್ದಳು. ರಾಣಿ ಕಷ್ಟಕ್ಕೆ ಸಿಕ್ಕಾಗ ಆಕೆಯ ಕೈ ಮಣೆಯ ಮೇಲೆ ನಿಂತುಬಿಡುತ್ತಿತ್ತು. ಪ್ರಕಾಶಕರ ಮಾತು ಹಾಳಾಗಲಿ, ನನಗೆ ಬೇಕಾಗಿದ್ದದ್ದು ಆಕೆಯ ಅಭಿಪ್ರಾಯ. ಕೇಳಿದರೆ, "ನನಗೇನ ತಿಳೀತದ, ನೀ ಓದು" ಅನ್ನುತ್ತಿದ್ದಳು.

ನಾಲ್ಕನೆಯ ನೋಟುಬುಕ್ಕಿನ ಕೊನೆಗೆ ರಾಣಿ ಹಡೆಯುತ್ತಾಳೆ. ನಾಳೆ ಆ ಅಧ್ಯಾಯ ಅಂದದ್ದೇ ತಡ, ಓಣಿ ಎದ್ದು ನಿಂತಿತು. ಪುರಾಣದಲ್ಲಿ ಶರಣರು ಹುಟ್ಟುವ ದಿನ ನಿಜವಾದ ತೊಟ್ಟಿಲು ಕಟ್ಟಿ, ಗುಂಡಕಲ್ಲನ್ನು ಕೂಸಿನ ಹಾಗೆ ಮಲಗಿಸಿ, ಮುತ್ತೈದೆಯರು ತೂಗಿ, ಗುಗ್ಗರಿ ಹಂಚುವುದುಂಟು. ರಾಣಿಯ ಕೂಸಿಗೂ ಆಗಬೇಕಲ್ಲ! ಅಟ್ಟದಿಂದ ಅಣ್ಣನ ಮಕ್ಕಳ ತೊಟ್ಟಿಲು ಇಳಿಸುವುದೆಂದಾಯಿತು. ಕಡಲೆ ನೆನೆಹಾಕುವವರು ಯಾರೆಂದು ನಿಗದಿಯಾಯಿತು. ಹೊಲಿಗೆಯಾಕೆ ಚೂಪು ಕಿವಿ ಇಟ್ಟು ಕುಲಾವಿ ಹೊಲಿದು ತರುತ್ತೇನೆ ಅಂದಳು.

ಈ ಗದ್ದಲದ ನಡುವೆ ಚಿಗವ್ವ ಮಣೆ ಎತ್ತಿ ಗೋಡೆಗೆ ಒರಗಿಸಿ, "ನಾಳಿ ನನಗ ಒಳಗ ಕೆಲಸ ಅದ" ಅಂದು ಎದ್ದು ಹೋದಳು. ಕೆಲಸ ಏನೂ ಇರಲಿಲ್ಲ, ಎಲ್ಲರಿಗೂ ಗೊತ್ತು.

"ಆಕಿ ತೂಗಿದರ ಏನಾಗ್ತದ?" ಅಂತ ಪಕ್ಕದ ಮನೆಯಾಕೆಯನ್ನು ಕೇಳಿದೆ.

"ಮುತ್ತೈದೇರು ತೂಗಬೇಕ್ರಿ. ಪುರಾಣದಾಗ ಹಂಗ ನಡಕೊಂಡು ಬಂದದ."

"ಇದು ಪುರಾಣ ಅಲ್ಲ ಬೇ, ಕಾದಂಬರಿ. ನಾ ಬರದದ್ದು."

"ಯಾವುದರೆ ಇರ್ಲಿ ಬಿಡ್ರಿ. ಓದಿದಂಗ ನಡೀಬೇಕು, ಅಷ್ಟ."

ನಮ್ಮ ಓಣಿಯವರಲ್ಲಿ ಹೆಚ್ಚಿನವರು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ವಚನ ಬಾಯಿಪಾಠ ಇದ್ದವರು. ಗಂಡ ಸತ್ತವಳಿಂದ ಯಾವ ಸೂತಕವೂ ಇಲ್ಲವೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲರು. ಆದರೆ ಬಾಯಲ್ಲಿದ್ದದ್ದು ತೊಟ್ಟಿಲ ಹಗ್ಗದ ತನಕ ಬರುತ್ತಿರಲಿಲ್ಲ. ಜಗಳಕ್ಕೆ ನಾಲಿಗೆ ತುದಿಯಲ್ಲಿ ಮಾತು ಸಿದ್ಧವಾಗಿತ್ತು. ಅಷ್ಟರಲ್ಲಿ ಹೊಳೆಯಿತು: ಓದಿದ ಹಾಗೆ ನಡೆಯಬೇಕಂತೆ. ಓದುವವಳು ನಾನು. ಬರೆಯುವವಳೂ ನಾನು.

ಬೆಳಿಗ್ಗೆ ಅಂಗಳದ ಕಟ್ಟೆಯ ಮೇಲೆ ಕೂತು ಆ ಅಧ್ಯಾಯದ ಒಂದು ಪುಟ ಹರಿದು ಬೇರೆ ಬರೆದೆ. ಒಂದು ಗೀಟು ಹೊಡೆಯಲಿಲ್ಲ, ಒಂದಕ್ಷರ ತಿದ್ದಲಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಡುಗೆಮನೆಯಲ್ಲಿ ಚಿಗವ್ವ ಬೆಳಗಿದ ಪಾತ್ರೆಯನ್ನೇ ಬೆಳಗುವ ಸದ್ದು ಕೇಳುತ್ತಿತ್ತು. ಒಳಗೂ ಕೇಳಲಿ ಅಂತ ಗಟ್ಟಿಯಾಗಿ ಓದಿದೆ:

"ಎಲ್ಫ್‌ಗಳ ಕುಲದಲ್ಲಿ ತೊಟ್ಟಿಲ ಹಗ್ಗ ಮೊದಲು ಹಿಡಿಯುವವರು ತಮ್ಮವರನ್ನು ಕಳೆದುಕೊಂಡವರು. ಜೀವದ ಬೆಲೆ ಬಲ್ಲವರು ಅವರೇ. ಅವರು ತೂಗುವ ತನಕ ರಾಣಿ ಕೂಸನ್ನು ತೊಟ್ಟಿಲಿಗೆ ಹಾಕಲಿಲ್ಲ."

ನೋಟುಬುಕ್ಕು ಮುಚ್ಚಿದೆ. ಪಕ್ಕದ ಮನೆಯಾಕೆ ನನ್ನ ಮುಖ ನೋಡಿದಳು, ತೊಟ್ಟಿಲು ನೋಡಿದಳು. ಅವಳು ಪೆದ್ದಿಯಲ್ಲ, ಎಲ್ಲ ಅರ್ಥವಾಗಿತ್ತು. ಆದರೂ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, "ಬಾ ಬೇ ಹೊರಗ. ರಾಣಿ ಕೂಸು ಹಿಡಕೊಂಡು ನಿಂತಾಳಂತ," ಅಂದಳು.

ಚಿಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಹಗ್ಗ ಹಿಡಿದಳು. ಮೊದಲ ಸಲ ತೊಟ್ಟಿಲು ಸರಿಯಾಗಿ ಅಲುಗಲೂ ಇಲ್ಲ. ಎರಡನೆಯ ಸಲ ಚೂಪು ಕಿವಿಯ ಕುಲಾವಿ ತೊಟ್ಟ ಗುಂಡಕಲ್ಲು ಆ ಕಡೆ ಹೋಗಿ ಈ ಕಡೆ ಬಂತು. ಯಾರೋ ಜೋಗುಳ ಎತ್ತಿಕೊಂಡರು. ಚಿಗವ್ವನ ಹಿಂದೆಯೇ, ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು ತಾನೂ ಕಳೆದುಕೊಂಡವಳೇ ಎನ್ನುತ್ತ ಬಂದು ಹಗ್ಗಕ್ಕೆ ಕೈ ಹಚ್ಚಿದಳು. ನನಗೆ ಅಳು ಬಂತು. ಸಂತೋಷದ ಜೊತೆ ನನ್ನ ಮೇಲೆ ನನಗೇ ಬಂದ ಅಭಿಮಾನವೂ ಆ ಅಳುವಿನಲ್ಲಿತ್ತು.

ಎಲ್ಲರೂ ಗುಗ್ಗರಿ ಕಟ್ಟಿಕೊಂಡು ಹೋದ ಮೇಲೆ ಚಿಗವ್ವ ತೊಟ್ಟಿಲ ಸೀರೆ ಬಿಚ್ಚಿ ಮಡಿಚುತ್ತಿದ್ದಳು. ಹತ್ತಿರ ಹೋಗಿ ಕೂತೆ. ಈಗಾದರೂ ಹೇಳುತ್ತಾಳೆ ಅಂತ ಗೊತ್ತಿತ್ತು.

"ಅದು ಇವತ್ತ ಮುಂಜಾನಿ ಬರದದ್ದು, ಹೌದಿಲ್ಲೋ?" ಅಂದಳು.

"ಹೌದು," ಅಂದೆ, ಎದೆಯುಬ್ಬಿಸಿ.

"ಎಷ್ಟ್ ಹೊತ್ತು ಹಿಡೀತು?"

"ಅರ್ಧ ತಾಸು."

ಚಿಗವ್ವ ಸೀರೆಯ ಅಂಚು ಅಂಚಿಗೆ ಸರಿಮಾಡಿ ತೊಡೆಯ ಮೇಲಿಟ್ಟುಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅರ್ಧ ತಾಸಿನ ಕೆಲಸ ಇತ್ತಂದ್ರ, ನಿಮ್ಮಣ್ಣನ ಮಕ್ಕಳ ತೊಟ್ಟಿಲದಾಗ ಯಾಕ ಬಾಯಿ ಬಿಡಲಿಲ್ಲ ನೀ?"

ಆ ಕಾದಂಬರಿಗೆ ಬಂದ ಅಭಿಪ್ರಾಯಗಳಿಗೆಲ್ಲ ನಾನು ಉತ್ತರ ಕೊಟ್ಟಿದ್ದೇನೆ, ಹೆಡ್‌ಮಾಸ್ತರರನ್ನೂ ಬಿಟ್ಟಿಲ್ಲ. ಈ ಅಭಿಪ್ರಾಯ ಬೇಕೆಂದು ಕಾದವಳೂ ನಾನೇ. ಆ ಎರಡೂ ಮಕ್ಕಳನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ದಿನ ಚಿಗವ್ವ ಅಡುಗೆಮನೆಯಲ್ಲೇ ಇದ್ದಳು. ನಾನು ಆಕೆಯ ಎದುರಿಗೇ ಕೂತು ಗುಗ್ಗರಿ ತಿಂದಿದ್ದೆ.