ಏಳನೇ ತಿಂಗಳಿಗೆ ಕಾಣೆಯಾದ ಬಸುರಿ

ಹೋದ ವರ್ಷ ಶ್ರಾವಣದಲ್ಲಿ ನನಗೆ ಕೊಪ್ಪಳದ ಒಂದು ಕಚೇರಿಯಲ್ಲಿ ಮೂರು ತಿಂಗಳ ಕೆಲಸ ಸಿಕ್ಕಿತ್ತು. ಯಾವ ಬಸುರಿಗೆ ಹೆರಿಗೆಯಲ್ಲಿ ತೊಂದರೆಯಾಗಬಹುದೆಂದು ಮೊದಲೇ ಹೇಳುವುದನ್ನು ಎಐಗೆ ಕಲಿಸಲು, ಹಳ್ಳಿಗಳ ಈಚಿನ ತಪಾಸಣೆ ದಾಖಲೆಗಳನ್ನು ಸ್ವಚ್ಛ ಮಾಡಿಕೊಡಬೇಕಿತ್ತು. ಅರ್ಧಂಬರ್ಧ ಇದ್ದವನ್ನು ತೆಗೆದುಹಾಕುವುದು, ಉಳಿದವರ ಹೆಸರು ಅಳಿಸಿ ನಂಬರ್ ಕೊಡುವುದು. ನನಗೋ ಮೊದಲೇ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಎರಡೇ ದಿನದಲ್ಲಿ ರಾಶಿ ರಾಶಿ ಸಾಲು ತೆಗೆದು ನಮ್ಮ ಇಂಜಿನಿಯರ್ ಸರ್ ಮುಂದೆ ಕೊಚ್ಚಿಕೊಂಡೆ.

ಮೂರನೇ ದಿನ ಶ್ರೀರಾಮನಗರದ ಹುಲಿಗೆಮ್ಮ ಎಂಬಾಕೆಯ ಸಾಲು ಬಂತು. ಚೊಚ್ಚಲ ಬಸುರಿ, ರಕ್ತದ ಗುಂಪು ಓ ನೆಗೆಟಿವ್. ಏಳನೇ ತಿಂಗಳ ನಂತರ ಎಲ್ಲ ಖಾಲಿ. ಅಳಿಸಲು ಹೋದ ಕೈ ನಿಂತಿತು. ನನಗೂ ಚೊಚ್ಚಲಿನಲ್ಲಿ ಏಳಕ್ಕೆ ಕುಬಸ ಮಾಡಿ ಅವ್ವ ಹೆರಿಗೆಗೆಂದು ಕುಷ್ಟಗಿಗೆ ಕರೆದೊಯ್ದಿದ್ದಳು. ಗಂಡನ ಊರಿನ ದಾಖಲೆಯಲ್ಲಿ ನಾನೂ ಹೀಗೇ ಕಾಣೆಯಾಗಿರುತ್ತೇನಲ್ಲ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ತವರಿಗೆ ಹೋದವರನ್ನೆಲ್ಲ ಅಳಿಸಿ ಕೂತಿದ್ದೆ.

"ಸರ್, ಇವ್ರು ತಪಾಸಣಿ ಬಿಟ್ಟಿಲ್ರಿ. ಹಡಿಯಾಕ ತವರಮನಿಗೆ ಹೋಗ್ಯಾರ," ಎಂದೆ.

ಸರ್ ಬೇರೆ ಕಡೆಯವರು, ಕುಬಸವೆಂದರೆ ಸೀಮಂತ, ಅದಾದ ಮೇಲೆ ಹೆರಿಗೆ ತವರಲ್ಲೇ ಎಂದು ಬಿಡಿಸಿ ಹೇಳಬೇಕಾಯಿತು. ತೆಗೆದ ಸಾಲುಗಳನ್ನೆಲ್ಲ ಮರಳಿ ತಂದು, ಬೇರೆ ಊರುಗಳ ದಾಖಲೆಯೊಂದಿಗೆ ಮೊಬೈಲ್ ನಂಬರ್ ಹೊಂದಿಸುತ್ತಾ ಹೋದೆವು. ಹುಲಿಗೆಮ್ಮ ನವಲಿಯಲ್ಲಿ ಸಿಕ್ಕಳು. ಅಲ್ಲಿ ಗಂಡನ ಹೆಸರಿನ ಬದಲು ತಂದೆಯ ಹೆಸರು, ಹೊಸ ತಾಯಿ ಕಾರ್ಡು. ರಕ್ತದ ಗುಂಪಿನ ಜಾಗ ಖಾಲಿ. ದಿನ ತುಂಬಲು ಒಂದೇ ವಾರವಿತ್ತು, ಆ ಗುಂಪಿನ ರಕ್ತವೋ ಬೇಕೆಂದಾಗ ಸಿಗುವಂಥದ್ದಲ್ಲ.

ಸರ್ ಕೂಡಲೇ ಮೇಲಿನವರಿಗೆ ತಿಳಿಸಿದರು. ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಕೇಳಿದರೆ, ಹಳೆಯ ಕಾರ್ಡು ಗಂಡನ ಮನೆಯಲ್ಲೇ ಉಳಿದಿತ್ತಂತೆ. ಹೆರಿಗೆಯನ್ನು ಗಂಗಾವತಿಯ ದೊಡ್ಡಾಸ್ಪತ್ರೆಯಲ್ಲಿ ಗೊತ್ತುಮಾಡಿ ಮೊದಲೇ ರಕ್ತ ತರಿಸಿಟ್ಟರು. ಹೆತ್ತ ಮೇಲೆ ರಕ್ತಸ್ರಾವ ನಿಲ್ಲದೆ ಅದನ್ನು ಏರಿಸಲೇಬೇಕಾಯಿತು. ಹುಲಿಗೆಮ್ಮ ಉಳಿದಳು, ಕೂಸು ಹೆಣ್ಣು, ಗುಂಡಗುಂಡಗೆ. ಸುದ್ದಿ ಕೇಳಿ ಕಚೇರಿಯಲ್ಲೇ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

ತೊಟ್ಟಿಲ ಕಾರ್ಯಕ್ಕೆ ನನ್ನನ್ನೂ ನವಲಿಗೆ ಕರೆಸಿದರು. ಹೆಂಗಸರ ನಡುವೆ ಕೂತಿದ್ದಾಗ ಒಬ್ಬಾಕೆ, ನೀವು ಗಂಡನ ಕಡೆಯವರೋ ತವರಿನ ಕಡೆಯವರೋ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಹುಲಿಗೆಮ್ಮನ ಅವ್ವ ಕೂಸನ್ನು ತಂದು ನನ್ನ ಉಡಿಯಲ್ಲಿ ಹಾಕಿದಳು.

"ಈಕಿ ಎರಡೂ ಕಡಿಯಾಕಿ ಬೇ," ಎಂದಳು.

ಅಂಥ ಹಿಗ್ಗು ನನಗೆ ನನ್ನ ಸ್ವಂತ ನೆಂಟರ ಮನೆಯಲ್ಲೂ ಆಗಿಲ್ಲ.