ಹೆಸರು ಕೊರೆಸಿದ ತಟ್ಟೆ

ನಮ್ಮೂರು ರೊಳ್ಳದ ಅಂಗನವಾಡಿ ಟೀಚರು ಯಾವ ಮನೆಗೆ ಹೋದರೂ ಮಗುವನ್ನು ಕೇಳುತ್ತಿದ್ದುದು ಒಂದೇ ಮಾತು: "ನಿನ್ ತಟ್ಟೆ ಯಾವ್ದು ಮಗಾ, ತೋರ್ಸು." ತನ್ನದೊಂದು ತಟ್ಟೆ ಇದ್ದರೆ ಅದು ಮಗುವಿನ ಮನೆ ಎಂಬುದು ಅವರ ಎಣಿಕೆ.

ಗಾರ್ಮೆಂಟ್ಸ್ ಕೆಲಸಕ್ಕೆ ಬೆಂಗಳೂರಿಗೆ ಹೋದ ಅಮ್ಮ ತಿರುಗಿ ಬರಲಿಲ್ಲ. ಚಿಕ್ಕಮ್ಮನ ಮನೆಯಲ್ಲಿದ್ದ ನನ್ನನ್ನು ಟೀಚರು ಹಾಗೆ ಕೇಳಿದಾಗ ತೋರಿಸಲು ನನ್ನದೆಂಬ ತಟ್ಟೆ ಇರಲಿಲ್ಲ.

ನನ್ನನ್ನು ಸರ್ಕಾರದ ಬಾಲಸದನಕ್ಕೆ ಕಳಿಸಬೇಕೋ ಬೇಡವೋ ಎಂದು ನೋಡಲು ಆಫೀಸರಮ್ಮ ಬರುವ ದಿನ, ಟೀಚರು ನನ್ನ ಹೆಸರು ಕೊರೆಸಿದ ಸ್ಟೀಲ್ ತಟ್ಟೆಯೊಂದನ್ನು ತಂದು ಅಡುಗೆಮನೆಯಲ್ಲಿಟ್ಟರು. ಆಫೀಸರಮ್ಮ ಅದನ್ನು ಬೆಳಕಿಗೆ ಹಿಡಿದರು.

"ಒಂದ್ ಗೀರೂ ಇಲ್ವಲ್ಲ ಟೀಚರ್. ಇದ್ರಾಗೆ ಯಾರೂ ಉಂಡೇ ಇಲ್ಲ."

ಸಂಜೆಯೊಳಗೆ ತಟ್ಟೆಯ ಸಮೇತ ನಾನು ಬಾಲಸದನದಲ್ಲಿದ್ದೆ.

ಆಮೇಲಿನ ಮಕ್ಕಳಿಗೆ ತಟ್ಟೆ ತಂದಾಗಲೆಲ್ಲ ಟೀಚರು ಮೊದಲು ಮರಳು ಹಾಕಿ, ಗೀರು ಬೀಳುವಂತೆ ತಿಕ್ಕುತ್ತಿದ್ದರಂತೆ.