ಡಾಕ್ಟರಮ್ಮನ ಮಂಡಿಗೂ ಪಟ್ಟಿ ಕಟ್ಟಿತ್ತು

ಚೀನಾದ ಡಾಕ್ಟರಮ್ಮ ಬಿಸಿ ಕೊಟ್ಟು ನಮ್ಮ ದೊಡ್ಡಮ್ಮನ ಮಂಡಿನೋವು ಗುಣಪಡಿಸಿದರೆಂದು ಕೊಲ್ಲಿ ನಾಡಿನ ಗುದೈಬಿಯಾ ಬಡಾವಣೆಯ ನಮ್ಮವರೆಲ್ಲ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜೊತೆಗೆ ಹೋಗಿದ್ದವನು ನಾನು. ದೊಡ್ಡಮ್ಮ ನರ್ಸ್ ಕೆಲಸ ಬಿಟ್ಟು ಊರು ಸೇರಿರುವುದರಿಂದ ಈಗ ಬರೆಯಬಹುದು.

ಕೊಲ್ಲಿ ಯುದ್ಧ ಮುಗಿದ ಮರುವರ್ಷ ಅದು. ಡಾಕ್ಟರಮ್ಮ ಒಣಸೊಪ್ಪು ಸುತ್ತಿದ ಕಡ್ಡಿಯ ತುದಿಗೆ ಕಿಡಿ ತಾಗಿಸಿ, ಆ ಕೆಂಡವನ್ನು ದೊಡ್ಡಮ್ಮನ ಊದಿದ ಮಂಡಿಯ ಹತ್ತಿರ, ಸುಡದಷ್ಟು ದೂರದಲ್ಲಿ, ಅರ್ಧ ಗಂಟೆ ಹಿಡಿದಿದ್ದರು. ಮುಗಿದಾಗ ಎರಡೂ ಕೈಯಲ್ಲಿ ಮೇಜು ಹಿಡಿದು ಎದ್ದರು. ಬಿಳಿ ಕೋಟು ಸರಿದಾಗ ನೋಡಿದರೆ ಅವರ ಮಂಡಿಗೂ ಪಟ್ಟಿ ಕಟ್ಟಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದವನಿಗೆ ಅಷ್ಟು ಸಾಕಾಯಿತು. "ನಿಮ್ಮ ಮದ್ದು ನಿಮಗೇ ತಾಗಲಿಲ್ಲವಾ?" ಎಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ.

ಅವರು ಸಿಟ್ಟಾಗಲಿಲ್ಲ. "ಸವೆದದ್ದು ತಿರುಗಿ ಬರುವುದಿಲ್ಲ. ಎರಡು ದಿನ ನೋವು ಕಡಿಮೆಯಾಗುತ್ತದೆ, ಅಷ್ಟೇ. ಇವರಿಗೆ ಮೊದಲ ದಿನವೇ ಹೇಳಿದ್ದೇನೆ" ಎಂದರು.

ಹಾಗಾದರೆ ಗುಣವಾಯಿತೆಂದು ಸುದ್ದಿ ಹಬ್ಬಿಸಿದ್ದು ದೊಡ್ಡಮ್ಮನೇ. ವಾಪಸು ಬರುವಾಗ ಟ್ಯಾಕ್ಸಿಯಲ್ಲಿ, ಯಾಕೆ ಸುಳ್ಳು ಹೇಳಿದಿರಿ ಎಂದು ಅವರನ್ನು ಬಿಡದೆ ಕೇಳಿದೆ.

"ಬರುವ ತಿಂಗಳು ನನ್ನ ಕಾಂಟ್ರಾಕ್ಟ್ ರಿನಿವಲ್ ಉಂಟು ಮಾರಾಯ. ಕುಂಟುವ ನರ್ಸ್ ಯಾರಿಗೆ ಬೇಕು? ನೀನೊಬ್ಬ ಬಾಯಿ ಮುಚ್ಚಿಕೊಂಡಿದ್ದರೆ ಸಾಕು."

ನೆರೆಯವರು ನೋಡುತ್ತಿದ್ದಂತೆ ಅವರು ನಗುತ್ತಾ, ಕುಂಟದೆ ಮೂರು ಮಹಡಿ ಹತ್ತಿದರು. ಮನೆಯ ಬಾಗಿಲು ಹಾಕಿದ ಮೇಲೆ, ಇಷ್ಟೆಲ್ಲ ವಾದಿಸಿಯೂ ನಾನು ಒಮ್ಮೆಯೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದೆ: "ದೊಡ್ಡಮ್ಮ, ನಿಜಕ್ಕೂ ಎಷ್ಟು ನೋವುಂಟು?"